ಸಕ್ಕರೆ ಬಟ್ಟಲಿನ ಸುಳಿವು ತಪ್ಪಿಹೋಗಿದ್ದು ಯಾಕೆ?

ಕಥೆ ಹೇಳುವವಳನ್ನೇ ನಂಬಿದ್ದರಿಂದ ಹೀಗಾಗಿರಬೇಕು. ಶರ್ಲಿ ಜಾಕ್ಸನ್ ಅವರ ‘ವಿ ಹ್ಯಾವ್ ಆಲ್ವೇಸ್ ಲಿವ್ಡ್ ಇನ್ ದ ಕ್ಯಾಸಲ್’ (1962) ಕಾದಂಬರಿ ಓದಿ, ಮನೆಯವರ ಊಟಕ್ಕೆ ವಿಷ ಹಾಕಿ ಕೊಂದದ್ದು ಕಥೆ ಹೇಳುವ ಮೆರಿಕ್ಯಾಟ್ ಅಂತ ಅವಳೇ ಹೇಳುವವರೆಗೂ ಗೊತ್ತಾಗಲಿಲ್ಲ, ಮೊದಲೇ ಸುಳಿವಿತ್ತಾ ಅಂತ ಕೇಳಿದ್ದೀರಿ. ಇತ್ತು, ಬೇಕಾದಷ್ಟು.

ಮೊದಲು ಆರಂಭದ ಪ್ಯಾರಾಕ್ಕೇ ವಾಪಸ್ ಹೋಗಿ. ಮೆರಿಕ್ಯಾಟ್ ತನಗೆ ಇಷ್ಟವಾದವರ ಸಾಲಿನಲ್ಲಿ ಅಕ್ಕ ಕಾನ್‌ಸ್ಟನ್ಸ್ ಜೊತೆ ವಿಷದ ಅಣಬೆಯನ್ನೂ ಸೇರಿಸುತ್ತಾಳೆ! ಸುಮ್ನೆ ತಮಾಷೆ ಅನ್ನಿಸುತ್ತೆ, ಅಲ್ವಾ?

ಆಮೇಲೆ ಅತಿಥಿಗಳು ಚಹಾಕ್ಕೆ ಬರುವ ದೃಶ್ಯ. ಆ ವಿಷ ತಿಂದೂ ಬದುಕುಳಿದ ಜೂಲಿಯನ್ ಚಿಕ್ಕಪ್ಪನ ಹರಟೆಯನ್ನು ನಿಧಾನವಾಗಿ ಓದಿ. ಆರ್ಸೆನಿಕ್ ಎಂಬ ವಿಷ ಇದ್ದದ್ದು ಸಕ್ಕರೆಯಲ್ಲಿ. ಹಣ್ಣಿಗೆ ಸಕ್ಕರೆ ಹಾಕಿಕೊಳ್ಳದವಳು ಕಾನ್‌ಸ್ಟನ್ಸ್. ಅವತ್ತು ಊಟವಿಲ್ಲದೆ ಮಲಗಲು ಕಳಿಸಿದ್ದು ಹನ್ನೆರಡು ವರ್ಷದ ಮೆರಿಕ್ಯಾಟ್‌ಳನ್ನು. ಅಂದರೆ ಸಕ್ಕರೆಗೆ ವಿಷ ಹಾಕಿದವರಿಗೆ ಅಕ್ಕ ಬದುಕಿ ಉಳಿಯುವುದು ಬೇಕಿತ್ತು. ಪೊಲೀಸರು ಬರುವ ಮೊದಲೇ ಅಕ್ಕ ಬಟ್ಟಲು ತೊಳೆದಳು, ಅದರಲ್ಲಿ ಜೇಡ ಇತ್ತಂತೆ. ಯಾರನ್ನು ಕಾಪಾಡಲು? ನನಗೆ ಇಡೀ ಕಾದಂಬರಿಯಲ್ಲಿ ಜಾಸ್ತಿ ಇಷ್ಟವಾದ ಸುಳಿವು ಇದೇ.

ಕೊನೆಗೆ ನೆಲಮಾಳಿಗೆ. ಆ ಮನೆಯ ಹೆಂಗಸರು ತಲೆಮಾರುಗಳಿಂದ ತುಂಬಿಟ್ಟ ಜಾಮ್, ಉಪ್ಪಿನಕಾಯಿ ಜಾಡಿಗಳು. ಹಳೆಯವನ್ನು ತಿಂದರೆ ಸಾಯುತ್ತೇವೆ ಅನ್ನುತ್ತಾಳೆ ಕಾನ್‌ಸ್ಟನ್ಸ್. ಹೆಣ್ಣಿನ ದುಡಿಮೆಯೇ ಮನೆಯ ಆಸ್ತಿ, ಅದೇ ವಿಷ ಕೂಡ ಅಂತ ನಾನು ಓದಿಕೊಂಡೆ. ಹಾಗೇ ಓದಬೇಕು ಅಂತೇನಿಲ್ಲ.

ಎರಡನೇ ಸಲ ಓದುವಾಗ ಪೆನ್ಸಿಲ್ ಹಿಡಿಯಿರಿ. ಯಾರು ಅಡುಗೆ ಮಾಡಿದರು, ಯಾರು ಬಡಿಸಿದರು, ಯಾರು ತಿನ್ನಲಿಲ್ಲ, ಇಷ್ಟನ್ನೇ ಗುರುತು ಮಾಡುತ್ತಾ ಹೋಗಿ.