ಬಾಗಿಲು ತಟ್ಟಲು ಏಳದ ಕೈ

ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಶಿವಮೊಗ್ಗದ ನನ್ನ ಆಪ್ತಸಲಹೆಯ ಕೋಣೆಗೆ ಒಂದೇ ಬಗೆಯ ಜನ ಬರತೊಡಗುತ್ತಾರೆ. ಕಾಯಿಲೆಯವರ ಹಿಂದೆ ಓಡಾಡಿ ಸೋತವರು. ಹೆಚ್ಚಿನವರು ಆಶಾ ಕಾರ್ಯಕರ್ತೆಯರು, ನಡುವೆ ಅಂಗನವಾಡಿಯವರು, ಒಮ್ಮೆ ಒಬ್ಬ ಆಂಬುಲೆನ್ಸ್ ಚಾಲಕ. ‘ಮೊದಲಿನ ಧೈರ್ಯ ಈಗಿಲ್ಲ, ಏನು ಮಾಡಲಿ?’ ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ನಾನು ಎಷ್ಟೋ ವರ್ಷ ತಪ್ಪು ಉತ್ತರ ಕೊಡುತ್ತಾ ಬಂದಿದ್ದೆ. ಅದು ತಪ್ಪೆಂದು ತೋರಿಸಿಕೊಟ್ಟವರನ್ನು ಇಲ್ಲಿ ಸುಮಾ ಎಂದು ಕರೆಯುತ್ತೇನೆ. ಹೆಸರು, ಊರು, ಮನೆಯ ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಸುಮಾ ಸಾಗರದ ಕಡೆಯವರು, ನಲವತ್ತರ ಆಸುಪಾಸು, ಆಶಾ ಕಾರ್ಯಕರ್ತೆ. ಎರಡು ಬಸ್ ಬದಲಿಸಿ ಬರುತ್ತಿದ್ದರು. ನಿದ್ದೆ ಇಲ್ಲ, ಎದೆ ಹೊಡೆದುಕೊಳ್ಳುತ್ತದೆ, ಬೆಳಿಗ್ಗೆ ಗುಲಾಬಿ ಬಣ್ಣದ ಸಮವಸ್ತ್ರದ ಸೀರೆ ಉಡುವಾಗ ನೆರಿಗೆ ಹಿಡಿಯಲಾಗದಷ್ಟು ಕೈ ನಡುಗುತ್ತದೆ. ವೈದ್ಯರು ಪರೀಕ್ಷಿಸಿ ಹೃದಯಕ್ಕೆ ಏನೂ ಆಗಿಲ್ಲ ಎಂದಿದ್ದರು. ಗಂಡ ‘ಈ ಕೆಲಸ ಬಿಟ್ಟುಬಿಡು’ ಎನ್ನುತ್ತಿದ್ದರು.

ಹಿಂದಿನ ಬೇಸಿಗೆಯಲ್ಲಿ ಅವರ ಊರಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿತ್ತು. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ, ರಕ್ತ ಹೀರುವ ಉಣುಗು (ಉಣ್ಣೆ) ಕಚ್ಚಿ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ನೂರು ಜನರಿಗೆ ಬಂದರೆ ಸುಮಾರು ಮೂರರಿಂದ ಐದು ಜನ ಉಳಿಯುವುದಿಲ್ಲ. ಇದಕ್ಕೆಂದೇ ಔಷಧಿ ಇಲ್ಲ, ಇದ್ದ ಲಸಿಕೆಯನ್ನೂ 2022ರಲ್ಲಿ ನಿಲ್ಲಿಸಿದರು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಸಾಲುಸಾಲಾಗಿ ಜನ ಸತ್ತದ್ದನ್ನು ಕಂಡವರಿಗೆ ಕಾಡಿನಲ್ಲಿ ಮಂಗ ಸತ್ತು ಬಿದ್ದಿದೆ ಎಂಬ ಸುದ್ದಿ ಕೇಳಿದರೆ ಸಾಕು, ಊಟ ಸೇರುವುದಿಲ್ಲ. ಆದರೆ ಕಾಯಿಲೆ ಕಾಲಿಡುವ ತಿಂಗಳುಗಳಲ್ಲೇ ಕೊಟ್ಟಿಗೆಗೆ ದರಗು, ಅಂದರೆ ಒಣಗಿದ ಎಲೆ, ಬೇಕು, ಒಲೆಗೆ ಸೌದೆ ಬೇಕು. ‘ಕಾಡಿಗೆ ಹೋಗಬೇಡಿ’ ಎಂದು ಕರಪತ್ರ ಹಂಚುವುದು ಸುಲಭ.

ಸುಮಾ ‘ಅಣ್ಣ’ ಎಂದೇ ಕರೆಯುತ್ತಿದ್ದ ಒಬ್ಬರಿಗೆ ಜ್ವರ ಬಂತು, ತಲೆ ಎತ್ತಲಾಗದ ನೋವು. ಇವರು ಮೂರು ಸಲ ಆ ಮನೆಗೆ ಹೋದರು. ‘ಅಡಿಕೆ ಸುಲಿಯುವುದು ಇನ್ನೆರಡು ದಿನದ್ದು ತಂಗಿ, ಮುಗಿಯಲಿ, ನಾನೇ ಬರುತ್ತೇನೆ’ ಎಂದು ಮೂರು ಸಲವೂ ಹಿಂದೆ ಕಳಿಸಿದರು. ನಾಲ್ಕನೆಯ ದಿನ ಮೂಗಿನಲ್ಲಿ ರಕ್ತ ಬಂತು. ಮಣಿಪಾಲಕ್ಕೆ ಕರೆದೊಯ್ದರು, ಅವರು ಮರಳಲಿಲ್ಲ.

ಮೊದಲೆರಡು ಭೇಟಿಗಳಲ್ಲಿ ನಾನು ಆಪ್ತಸಲಹೆಗಾರರೆಲ್ಲ ಹೇಳುವುದನ್ನೇ ಹೇಳಿದೆ. ತಪ್ಪು ನಿಮ್ಮದಲ್ಲ, ನಿಮ್ಮ ಕೈಲಾದದ್ದನ್ನು ಮಾಡಿದ್ದೀರಿ. ಸುಮಾ ಎಲ್ಲಕ್ಕೂ ತಲೆಯಾಡಿಸಿದರು. ಎದುರಿಗಿರುವವರು ಎಲ್ಲಕ್ಕೂ ತಲೆಯಾಡಿಸಿದರೆ ನಮ್ಮ ಮಾತು ಒಳಗೆ ಇಳಿದಿಲ್ಲವೆಂದೇ ಅರ್ಥ. ಇದು ಗೊತ್ತಿದ್ದೂ ನಾನು ಮುಂದುವರಿಸಿದೆ.

ಮೂರನೆಯ ಭೇಟಿಯಲ್ಲಿ ಅವರು ಚೀಲದಿಂದ ಒಂದು ಶಾಲು ತೆಗೆದು ಮೇಜಿನ ಮೇಲಿಟ್ಟರು. ಪ್ಲಾಸ್ಟಿಕ್ ಕವರನ್ನು ಬಿಚ್ಚಿರಲಿಲ್ಲ, ಮೂಲೆಯಲ್ಲಿ ಬೆಲೆಯ ಚೀಟಿಯೂ ಹಾಗೇ ಇತ್ತು.

‘ಇದನ್ನು ನೀವು ಇಟ್ಟುಕೊಳ್ಳಿ ಮೇಡಂ. ಮನೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ.’

ಅಣ್ಣ ತೀರಿಕೊಂಡ ಎರಡೇ ತಿಂಗಳಿಗೆ ಯಾವುದೋ ಸಮಾರಂಭದಲ್ಲಿ ಹೊದಿಸಿದ ಶಾಲು. ಭಾಷಣಕಾರರೊಬ್ಬರು ಸುಮಾ ಅವರನ್ನು ‘ಸಾವಿಗೂ ಅಂಜದ ಹೆಣ್ಣುಮಗಳು’ ಎಂದು ಹೊಗಳಿದ್ದರಂತೆ. ಮುಂದಿನ ಸಾಲಿನಲ್ಲಿ ಆ ಮನೆಯ ಅತ್ತಿಗೆ ಕುಳಿತಿದ್ದರು.

ನಾನು ಸುಮ್ಮನಿದ್ದೆ. ಆಗ ಅವರು ನಿಧಾನವಾಗಿ ಹೇಳಿದರು: ‘ಕಾಯಿಲೆಗೆ ನಾನು ಹೆದರುವುದಿಲ್ಲ ಮೇಡಂ. ಉಣುಗು ಹತ್ತದಂತೆ ಕಾಲಿಗೆ ಎಣ್ಣೆ ಹಚ್ಚಿಕೊಂಡು ಯಾವ ಕಾಡಿಗೆ ಬೇಕಾದರೂ ಹೋಗುತ್ತೇನೆ. ಬಾಗಿಲು ತಟ್ಟಲು ಕೈ ಏಳುವುದಿಲ್ಲ. ಅಣ್ಣ ಹೋದ ಮೇಲೆ ಆ ಮನೆಯ ಅಂಗಳ ತುಳಿದಿಲ್ಲ. ಈಗ ಯಾರ ಮನೆಗೆ ಹೋದರೂ ಅದೇ ಬಾಗಿಲು ಕಾಣುತ್ತದೆ.’

ನಾನು ಅವರಿಗೆ ಧೈರ್ಯ ತುಂಬಲು ಹೊರಟಿದ್ದೆ. ಅವರಲ್ಲಿ ಅದಕ್ಕೆ ಕೊರತೆಯೇ ಇರಲಿಲ್ಲ. ಇಡೀ ಊರಿಗೆ ಹೆದರಿದ್ದಾರೆ ಎಂದು ನಾನು ತಿಳಿದದ್ದು ಒಂದೇ ಮನೆಯ ಹೆದರಿಕೆ. ಅದರ ಮೇಲೆ ಆ ಶಾಲು ಬೇರೆ. ಸಾವಿಗೂ ಅಂಜದವಳು ಎಂದು ವೇದಿಕೆಯ ಮೇಲೆ ಕರೆಸಿಕೊಂಡವರು, ನನಗೆ ಹೆದರಿಕೆಯಾಗುತ್ತಿದೆ ಎಂದು ಮಾರನೆಯ ದಿನ ಯಾರಲ್ಲಿ ಹೇಳಿಕೊಳ್ಳಬೇಕು? ಸನ್ಮಾನ ಮಾಡುವವರ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಹೊರೆ ಹೊತ್ತವರ ಹೆಗಲಿಗೆ ಶಾಲು ಹೊದಿಸಿದರೆ ಹೊರೆ ಯಾರಿಗೂ ಕಾಣುವುದಿಲ್ಲ.

ನಾನು ಕೊಟ್ಟ ಸಲಹೆ ಇಷ್ಟೇ. ಸದ್ಯಕ್ಕೆ ಊರನ್ನು ಮರೆಯಿರಿ, ಮೊದಲು ಆ ಮನೆಗೆ ಹೋಗಿ. ಸಮವಸ್ತ್ರ ಬೇಡ, ಕರಪತ್ರ ಬೇಡ, ಕ್ಷಮೆ ಕೇಳಲೆಂದೂ ಹೋಗಬೇಡಿ. ಅಲ್ಲಿ ಏನು ಕೆಲಸ ನಡೆಯುತ್ತಿದೆಯೋ ಅದಕ್ಕೆ ಕೈ ಹಾಕಿ ಕುಳಿತುಕೊಳ್ಳಿ. ಸ್ವಸಹಾಯ ಸಂಘದ ಒಬ್ಬಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಇನ್ನು ಮುಂದೆ ಜ್ವರದ ಮನೆಗೂ ಒಬ್ಬರೇ ಹೋಗಬೇಡಿ. ‘ಬರುವುದಿಲ್ಲ’ ಎಂದವರ ಹೆಸರನ್ನು ಅದೇ ದಿನ ವೈದ್ಯಾಧಿಕಾರಿಗೆ ಬರೆದು ತಿಳಿಸಿ, ನಕಲು ಇಟ್ಟುಕೊಳ್ಳಿ. ಅಲ್ಲಿಂದಾಚೆಗೆ ಆ ಮನೆ ನಿಮ್ಮೊಬ್ಬರ ಹೊಣೆಯಲ್ಲ.

ಇದನ್ನು ನನ್ನ ಸಹೋದ್ಯೋಗಿಯೊಬ್ಬರು ಒಪ್ಪಲಿಲ್ಲ. ಗಾಯವಾದ ಜಾಗಕ್ಕೇ ಮತ್ತೆ ಕಳಿಸುತ್ತೀರಾ, ಆ ಹೆಂಗಸು ಎಲ್ಲರೆದುರು ಬೈದು ಅಟ್ಟಿದರೆ ಏನು ಗತಿ ಎಂದರು. ಆ ಅಪಾಯ ಇತ್ತು. ಅದಕ್ಕೇ ಮೊದಲು ಸಂಘದ ಒಬ್ಬರು ಹೋಗಿ ‘ಸುಮಾ ಬರಬಹುದೇ’ ಎಂದು ಕೇಳಿಬರಲಿ ಎಂದೆ. ನಿದ್ದೆಯ ವಿಷಯಕ್ಕೆ ಮನೋವೈದ್ಯರ ಬಳಿಗೂ ಕಳಿಸಿದೆ, ರಾತ್ರಿ ತಾಳಲಾಗದಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಎಂದು ಡೈರಿಯಲ್ಲಿ ಬರೆದುಕೊಟ್ಟೆ. ಆದರೆ ಕೆಲಸ ಬಿಡಿ ಎಂದು ಹೇಳಲಿಲ್ಲ. ಗಂಡನ ಮಾತಿನಲ್ಲಿ ಪ್ರೀತಿ ಇತ್ತು, ಅದನ್ನು ತಳ್ಳಿಹಾಕುವುದಿಲ್ಲ. ಹತ್ತು ಮನೆ ತಪ್ಪಿಸಿಕೊಂಡು ತಿರುಗಲು ಅಭ್ಯಾಸವಾದವರಿಗೆ ಕೊನೆಗೆ ತಮ್ಮ ಮನೆಯ ಬಾಗಿಲೂ ಭಾರವಾಗುತ್ತದೆ. ಅದನ್ನು ಈ ಕೋಣೆಯಲ್ಲಿ ಬೇಕಾದಷ್ಟು ಸಲ ಕಂಡಿದ್ದೇನೆ. ನನ್ನ ಸಹೋದ್ಯೋಗಿ ಇಂದಿಗೂ ಒಪ್ಪಿಲ್ಲ.

ಹೀಗೆ ಬಂದವರಿಗೆಲ್ಲ ನಾನೀಗ ಮೊದಲು ಕೇಳುವುದು ‘ಯಾವ ಮನೆ?’ ಎಂದು. ಸಾಮಾನ್ಯವಾಗಿ ಒಂದು ಮನೆ ಇದ್ದೇ ಇರುತ್ತದೆ. ಆಂಬುಲೆನ್ಸ್ ಚಾಲಕನಿಗೆ ಅದು ಮನೆಯಾಗಿರಲಿಲ್ಲ, ಘಾಟಿಯ ಒಂದು ತಿರುವು.

ಸುಮಾ ಹೋಗಲು ಹನ್ನೊಂದು ದಿನ ತೆಗೆದುಕೊಂಡರು. ಸಂಜೆ ಆ ಮನೆಯಲ್ಲಿ ಅಡಿಕೆ ಸುಲಿಯುತ್ತಿದ್ದರು. ಅತ್ತಿಗೆ ತಲೆ ಎತ್ತಿ ನೋಡಿದರು, ಏನೂ ಮಾತಾಡದೆ ಒಳಗೆ ಹೋಗಿ ನೀರು ಬೆಲ್ಲ ತಂದಿಟ್ಟರು, ಮತ್ತೆ ಕೆಲಸಕ್ಕೆ ಕುಳಿತರು. ಗೋಡೆಗೆ ಒರಗಿಸಿದ್ದ ಒಂದು ಮೆಟ್ಟುಗತ್ತಿಯ ಮುಂದೆ ಯಾರೂ ಇರಲಿಲ್ಲ. ಅದು ಯಾರದೆಂದು ಸುಮಾ ಅವರಿಗೆ ಗೊತ್ತಿತ್ತು. ಅದನ್ನೇ ಎಳೆದುಕೊಂಡು ಕುಳಿತರು. ಸುಲಿದು ರೂಢಿ ತಪ್ಪಿ ವರ್ಷಗಳಾಗಿದ್ದವು, ಸಿಪ್ಪೆಯ ಜೊತೆ ಅಡಿಕೆಯೂ ಹೋಳಾಗುತ್ತಿತ್ತು. ಅರ್ಧ ಗಂಟೆಯ ಮೇಲೆ ಅತ್ತಿಗೆ ಬಾಯಿ ಬಿಟ್ಟರಂತೆ.

‘ಹಾಗೆ ಒತ್ತಬೇಡ, ಕೈ ಕೊಯ್ದುಕೊಳ್ಳುತ್ತೀಯ. ಇತ್ತ ಸರಿದು ಕೂರು, ಅಲ್ಲಿ ಬೆಳಕಿಲ್ಲ.’