ಹೆಂಡತಿಗೆ ಪವರ್ ಆಫ್ ಅಟಾರ್ನಿ, ಮೈದುನಂದಿರ ಲೆಕ್ಕ

ಶಿರಸಿಯ ಓದುಗ ಮಿತ್ರರೇ, ಹೋದ ಸಂಚಿಕೆಯ ನ್ಯೂ ಆಂಸ್ಟರ್ಡ್ಯಾಮ್ (ಈಗಿನ ನ್ಯೂಯಾರ್ಕ್, ಹದಿನೇಳನೇ ಶತಮಾನದಲ್ಲಿ ಡಚ್ಚರ ಊರು) ಲೇಖನ ಓದಿ ಎರಡು ಪ್ರಶ್ನೆ ಕೇಳಿದೀರಿ. ಡಚ್ಚರ ಕಾನೂನಲ್ಲಿ ಮದುವೆಯಾದ ಹೆಂಗಸಿಗೆ ಗಂಡನೇ ಗಾರ್ಡಿಯನ್ ಆಗಿದ್ರೆ ಅದೇ ಗಂಡ ಅವಳ ಹೆಸರಿಗೆ ಪವರ್ ಆಫ್ ಅಟಾರ್ನಿ ಬರ್ಕೊಟ್ಟು ಹಡಗು ಹತ್ತಿದ್ದು ಹೇಗೆ? ಕೊಟ್ಟ ಅಧಿಕಾರ ವಾಪಸ್ ತಗೋಬಹುದಿತ್ತಾ?

ಗಾರ್ಡಿಯನ್ ಅನ್ನೋದು ಸರಿ, ಆದ್ರೆ ಗಂಡನ ಒಪ್ಪಿಗೆ ಇದ್ರೆ ಅವನ ಪರವಾಗಿ ಹೆಂಡತಿ ಸಾಲ ವಸೂಲಿ ಮಾಡಬಹುದಿತ್ತು, ರಸೀದಿ ಕೊಡಬಹುದಿತ್ತು, ಕೋರ್ಟಿಗೂ ಹೋಗಬಹುದಿತ್ತು. ಅದಕ್ಕೇ ನೋಟರಿ ಅಥವಾ ಊರಿನ ಸೆಕ್ರೆಟರಿ ಮುಂದೆ, ಸಾಕ್ಷಿ ಹಾಕಿಸಿ ಪತ್ರ ಬರೆಸೋರು. ಮುಖ್ಯ ವಿಷಯ ಏನಂದ್ರೆ ಬೇರೆ ಒಪ್ಪಂದ ಇಲ್ಲದಿದ್ರೆ ಗಂಡ ಹೆಂಡತಿ ಆಸ್ತಿನೂ ಸಾಲನೂ ಒಂದೇ ಗಂಟು, ಅವನಿಗೆ ನಷ್ಟ ಆದ್ರೆ ಅವಳಿಗೂ ನಷ್ಟ, ಅವಳಿಗಿಂತ ಹುಷಾರಾಗಿ ಲೆಕ್ಕ ನೋಡೋರು ಊರಲ್ಲಿ ಇನ್ಯಾರು ಸಿಗ್ತಾರೆ? ಹಾಲೆಂಡಿಗೆ ಹಡಗಲ್ಲಿ ತಿಂಗಳುಗಟ್ಟಲೆ ದಾರಿ, ಚಳಿಗಾಲದಲ್ಲಿ ಹಡ್ಸನ್ ನದಿ ಹೆಪ್ಪುಗಟ್ಟಿದ್ರೆ ನದಿಯ ಮೇಲ್ಭಾಗದ ಊರು (ಈಗಿನ ಆಲ್ಬನಿ) ಬೆವರ್‌ವೈಕ್‌ನಿಂದ ಕೆಳಗೆ ಬರೋದೇ ಕಷ್ಟ, ಬೀವರ್ ಅನ್ನೋ ನೀರುಪ್ರಾಣಿಯ ತೊಗಲಿನ ವ್ಯಾಪಾರದ ಬಾಕಿ ಮಾತ್ರ ಯಾರಿಗೂ ಕಾಯಲ್ಲ.

ನೆಂಟರ ಪರವಾಗಿ ಹೆಂಗಸರು ವ್ಯಾಪಾರಕ್ಕೆ ಬಂದದ್ದೂ ಇದೆ. ಮಾರ್ಗರೆಟ್ ಹಾರ್ಡನ್‌ಬ್ರೂಕ್ 1659ರಲ್ಲಿ ವ್ಯಾಪಾರಿ ನೆಂಟನೊಬ್ಬನ ಏಜೆಂಟಾಗಿ ನ್ಯೂ ಆಂಸ್ಟರ್ಡ್ಯಾಮಿಗೆ ಬಂದೋಳು. ಆಮೇಲೆ ಸ್ವಂತ ವ್ಯಾಪಾರ ಕಟ್ಟಿದಳು. 1664ರಲ್ಲಿ ಊರು ಇಂಗ್ಲಿಷರ ಕೈಗೆ ಹೋಯ್ತು, ಅವರ ಕಾನೂನಲ್ಲಿ ಮದುವೆಯಾದೋಳ ವ್ಯವಹಾರ ಎಲ್ಲಾ ಗಂಡನ ನೆರಳಿಗೆ ಸರೀತು. ಡಚ್ಚರ ಕಾಲ ಏನೋ ಸ್ವರ್ಗ ಅಂತ ನಾನು ಹೇಳ್ತಿಲ್ಲ, ಈ ವಿಷಯದಲ್ಲಿ ಮಾತ್ರ ಇಂಗ್ಲಿಷರಿಗಿಂತ ವಾಸಿ.

ನನ್ನ ಅಭಿಪ್ರಾಯ ಕೇಳಿದ್ರೆ ಹೆಂಡತಿಗಿಂತ ಅಣ್ಣತಮ್ಮಂದಿರಿಗೆ ಒಪ್ಪಿಸಿದಲ್ಲೇ ತಲೆನೋವು ಜಾಸ್ತಿ. ರೆನ್ಸೆಲಾರ್‌ವೈಕ್ ಅನ್ನೋ, ಆ ಬೆವರ್‌ವೈಕ್ ಸುತ್ತಲಿನ ಜಮೀನ್ದಾರಿ ನೋಡಿ, ಮಾಲೀಕತ್ವದಲ್ಲಿ ಹಾಲೆಂಡಿನ ಅಣ್ಣತಮ್ಮಂದಿರಿಗೂ ಪಾಲು, ಸ್ಥಳದಲ್ಲಿ ನಡೆಸ್ತಿದ್ದವನು ಯೆರೆಮಿಯಾಸ್ ವಾನ್ ರೆನ್ಸೆಲಾರ್. 1674ರಲ್ಲಿ ಅವನು ಸತ್ತ ಮೇಲೆ ಹೆಂಡತಿ ಮರಿಯಾ ಮಕ್ಕಳನ್ನೂ ಕಟ್ಕೊಂಡು, ಸೊಂಟದ ಕಾಯಿಲೆಯಲ್ಲಿ ಊರುಗೋಲು ಹಿಡ್ಕೊಂಡೇ ಎಸ್ಟೇಟ್ ವ್ಯವಹಾರ ನೋಡಿದಳು, ಜೊತೆಗೆ ತನ್ನ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಸ್ಟೆಫಾನಸ್ ವಾನ್ ಕೋರ್ಟ್ಲಾಂಡ್. ಹಾಲೆಂಡಿನಲ್ಲಿದ್ದ ಮೈದುನನಿಗೆ ಅವಳು ಬರೆದ ಕಾಗದಗಳಲ್ಲಿ ದುಃಖಕ್ಕಿಂತ ಲೆಕ್ಕದ ತಕರಾರೇ ಜಾಸ್ತಿ. ಇಲ್ಲಿಗೆ ಬಂದು ಎಸ್ಟೇಟಿನ ಡೈರೆಕ್ಟರಾಗಿದ್ದ ಇನ್ನೊಬ್ಬ ಮೈದುನ ನಿಕೋಲಾಸ್ 1678ರಲ್ಲಿ ತೀರ್ಕೊಂಡ, ಅವನ ಹೆಂಡತಿ ಮರುಮದುವೆಯಾಗಿದ್ದು ರಾಬರ್ಟ್ ಲಿವಿಂಗ್‌ಸ್ಟನ್‌ನ, ಅವನೂ ಪಾಲು ಕೇಳ್ಕೊಂಡು ಬಂದ, ಅಲ್ಲಿಗೆ ಮುಗೀತು ನೆಮ್ಮದಿ.

ಎರಡನೇ ಪ್ರಶ್ನೆಗೆ ಉತ್ತರ ಹೌದು, ಅಧಿಕಾರ ಯಾವಾಗ ಬೇಕಾದ್ರೂ ರದ್ದು ಮಾಡಬಹುದಿತ್ತು, ಕೊಟ್ಟವನು ಸತ್ರೆ ತಾನಾಗಿಯೇ ಮುಗೀತಿತ್ತು. ಆದ್ರೆ ಆ ಸುದ್ದಿ ಸಮುದ್ರ ದಾಟಿ ಬರೋವರೆಗೆ, ಗೊತ್ತಿಲ್ಲದೇ ಪ್ರಾಮಾಣಿಕವಾಗಿ ನಡೆಸಿದ ವ್ಯವಹಾರ ಊರ್ಜಿತ ಅಂತಲೇ ರೋಮನ್-ಡಚ್ ಕಾನೂನಿನ, ಅಂದ್ರೆ ರೋಮನ್ ಕಾನೂನು ಬೆರೆತ ಡಚ್ಚರ ಕಾನೂನಿನ, ನಿಯಮ. ಹಡಗು ತಡವಾದಷ್ಟೂ ಏಜೆಂಟನಿಗೆ ಟೈಮು ಸಿಗ್ತಿತ್ತು.