ಕಾರ್ಪೆಟ್ ಉಜ್ಜಲು ಯಾವ ಯಂತ್ರ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕಾರ್ಪೆಟ್ ಶುಚಿಗೊಳಿಸುವ ವೃತ್ತಿಯನ್ನು ಇತ್ತೀಚೆಗೆ ಸ್ವಂತವಾಗಿ ಆರಂಭಿಸಿದ್ದೇನೆ. ಬಿಸಿನೀರು ಸಿಂಪಡಿಸಿ ಕೂಡಲೇ ಹೀರಿಕೊಳ್ಳುವ ಎಕ್ಸ್‌ಟ್ರಾಕ್ಷನ್ ಯಂತ್ರ ನನ್ನಲ್ಲಿದೆ. ಅದಕ್ಕೆ ಮೊದಲು ಪ್ರಿ-ಸ್ಪ್ರೇ, ಅಂದರೆ ಕೊಳೆ ಸಡಿಲಿಸುವ ದ್ರಾವಣ, ಹಾಕಿ ಕೈಬ್ರಷ್ಷಿನಿಂದ ಉಜ್ಜುತ್ತೇನೆ. ಮನೆಗಳಲ್ಲಿ ಹೇಗೋ ನಡೆಯುತ್ತದೆ, ಕಚೇರಿಗಳ ಕೆಲಸಕ್ಕೆ ಇದು ಸಾಲದು. ರೋಟರಿ, ಆರ್ಬಿಟಲ್, ಎರಡು ಸಿಲಿಂಡರ್ ಬ್ರಷ್‌ಗಳ ಯಂತ್ರ, ಈ ಮೂರರಲ್ಲಿ ಒಂದನ್ನಷ್ಟೇ ಈಗ ಕೊಳ್ಳಬಲ್ಲೆ. ಯಾವುದನ್ನು ಆರಿಸಲಿ?

ಉತ್ತರ: ಕಚೇರಿ ಮತ್ತು ಮನೆ ಎರಡೂ ಬಗೆಯ ಕೆಲಸ ನಿಮಗೆ ಬರುತ್ತಿರುವುದರಿಂದ, ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ತಿರುಗುವ ಎರಡು ಸಿಲಿಂಡರ್ ಬ್ರಷ್‌ಗಳ ಯಂತ್ರವನ್ನೇ ಮೊದಲು ಕೊಳ್ಳಿ ಎಂಬುದು ನನ್ನ ಸಲಹೆ. ಆದರೆ ಮಾರಾಟಗಾರರ ಮುಂದೆ ನಿಂತಾಗ ನೀವೇ ತೂಗಿ ನೋಡಲು ಸಾಧ್ಯವಾಗಬೇಕಾದರೆ, ಉಜ್ಜುವುದರಿಂದ ಕಾರ್ಪೆಟ್ಟಿನೊಳಗೆ ಏನು ನಡೆಯುತ್ತದೆ ಎಂಬುದು ಮೊದಲು ಸ್ಪಷ್ಟವಾಗಿರಬೇಕು.

ಜರ್ಮನಿಯ ರಸಾಯನತಜ್ಞ ಹರ್ಬರ್ಟ್ ಸಿನ್ನರ್ ಅವರು ಶುಚಿಗೊಳಿಸುವ ಕ್ರಿಯೆಯನ್ನು ನಾಲ್ಕು ಅಂಶಗಳಾಗಿ ವಿಂಗಡಿಸಿದರು: ರಾಸಾಯನಿಕ, ತಾಪ, ಸಮಯ ಮತ್ತು ಯಾಂತ್ರಿಕ ಕ್ರಿಯೆ. ಇವುಗಳಲ್ಲಿ ಒಂದನ್ನು ಕಡಿಮೆ ಮಾಡಿದರೆ ಉಳಿದವುಗಳನ್ನು ಹೆಚ್ಚಿಸಿ ಆ ಕೊರತೆಯನ್ನು ತುಂಬಬೇಕಾಗುತ್ತದೆ. ಕೈಬ್ರಷ್ಷಿನಿಂದ ಅರೆಬರೆ ಉಜ್ಜಿದವರು ಸಾಮಾನ್ಯವಾಗಿ ರಾಸಾಯನಿಕವನ್ನು ಹೆಚ್ಚು ಸುರಿದು ಅದನ್ನು ಸರಿದೂಗಿಸುತ್ತಾರೆ. ಹಾಗೆ ಸುರಿದದ್ದು ಪೂರ್ತಿ ತೊಳೆದು ಹೋಗದೆ ಎಳೆಗಳಲ್ಲಿ ಅಂಟಾಗಿ ಉಳಿಯುವುದರಿಂದ, ಅದೇ ಜಾಗ ಮತ್ತೆ ಬೇಗನೆ ಕೊಳೆಯಾಗುತ್ತದೆ. ಒಳ್ಳೆಯ ಯಂತ್ರವು ನಿಮ್ಮ ಶ್ರಮವನ್ನು ಉಳಿಸುತ್ತದೆ ಎನ್ನುವುದಕ್ಕಿಂತ ಈ ಅಂಟನ್ನು ತಪ್ಪಿಸುತ್ತದೆ ಎನ್ನುವುದೇ ನನ್ನ ದೃಷ್ಟಿಯಲ್ಲಿ ಅದನ್ನು ಕೊಳ್ಳಲು ದೊಡ್ಡ ಕಾರಣ.

ಸಿಂಪಡಿಸಿದ ದ್ರಾವಣ ಬಹುಮಟ್ಟಿಗೆ ಎಳೆಗಳ ಮೇಲಿನ ತುದಿಯಲ್ಲಿಯೇ ನಿಲ್ಲುತ್ತದೆ; ಅದನ್ನು ಎಳೆಯ ಬುಡದವರೆಗೂ ಸಮನಾಗಿ ಹರಡುವುದು ಮತ್ತು ಅಂಟಿಕೊಂಡ ಕೊಳೆಯನ್ನು ಸಡಿಲಿಸುವುದು ಉಜ್ಜುವಿಕೆಯ ಕೆಲಸ. ಇದಕ್ಕೆ ಬೇಕಾದದ್ದು ಒತ್ತಡವಲ್ಲ. ಬ್ರಷ್ಷನ್ನು ಬಲವಾಗಿ ಒತ್ತಿದರೆ ಎಳೆಗಳು ಒಂದು ಪಕ್ಕಕ್ಕೆ ಮಲಗಿಬಿಡುತ್ತವೆ, ಬ್ರಷ್ಷಿನ ಕೂದಲು ಮಲಗಿದ ಎಳೆಗಳ ಬೆನ್ನಿನ ಮೇಲೆ ಜಾರಿಹೋಗುತ್ತದೆ, ಬುಡದ ಕೊಳೆ ಇದ್ದಲ್ಲಿಯೇ ಇರುತ್ತದೆ. ಯಾವುದೇ ಯಂತ್ರವನ್ನು ಪರೀಕ್ಷಿಸುವಾಗ ಒಂದು ಚೌಕದಷ್ಟು ಜಾಗಕ್ಕೆ ದ್ರಾವಣ ಸಿಂಪಡಿಸಿ, ಯಂತ್ರವನ್ನು ಒಮ್ಮೆ ಹೋಗಿ ಬರುವಂತೆ ನಡೆಸಿ, ಎರಡು ಹೆಬ್ಬೆರಳುಗಳಿಂದ ಎಳೆಗಳನ್ನು ಬಿಡಿಸಿ ಬುಡವನ್ನು ನೋಡಿರಿ. ತುದಿ ಮಾತ್ರ ಒದ್ದೆಯಾಗಿ ಬುಡ ಒಣಗಿದ್ದರೆ, ಆ ಯಂತ್ರ ಎಷ್ಟೇ ಸದ್ದು ಮಾಡಲಿ, ನಿಮ್ಮ ಕೆಲಸಕ್ಕೆ ಬರುವುದಿಲ್ಲ.

ಸಿಲಿಂಡರ್ ಬ್ರಷ್‌ಗಳ ಯಂತ್ರ ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಗೆಲ್ಲುತ್ತದೆ. ಒಂದು ಬ್ರಷ್ ಎಳೆಯನ್ನು ಒಂದು ಕಡೆಯಿಂದ ಬಾಚಿದರೆ ಇನ್ನೊಂದು ಎದುರು ಕಡೆಯಿಂದ ಬಾಚುತ್ತದೆ; ಹಾಗಾಗಿ ಎಳೆಯ ಎರಡೂ ಮಗ್ಗುಲಿಗೆ ದ್ರಾವಣ ತಾಗುತ್ತದೆ, ತುಳಿದು ಚಪ್ಪಟೆಯಾದ ಎಳೆಗಳೂ ಮೇಲೇಳುತ್ತವೆ. ಇದರ ಇನ್ನೊಂದು ಉಪಯೋಗವನ್ನು ಹೊಸಬರು ಗಮನಿಸುವುದು ಕಡಿಮೆ. ಇಂಥ ಅನೇಕ ಯಂತ್ರಗಳಲ್ಲಿ ಬ್ರಷ್‌ಗಳ ಅಕ್ಕಪಕ್ಕದಲ್ಲಿ ಕಸ ಸಂಗ್ರಹಿಸುವ ತಟ್ಟೆಗಳಿರುತ್ತವೆ. ದ್ರಾವಣ ಹಾಕುವ ಮೊದಲು ಒಣ ಕಾರ್ಪೆಟ್ಟಿನ ಮೇಲೆ ಯಂತ್ರವನ್ನು ಒಮ್ಮೆ ಓಡಿಸಿ ತಟ್ಟೆಯನ್ನು ಹೊರತೆಗೆದರೆ, ವ್ಯಾಕ್ಯೂಮ್ ಮಾಡಿಯಾದ ಮೇಲೂ ಉಳಿದಿದ್ದ ಕೂದಲು, ನೂಲಿನ ಜುಂಗು, ಸ್ಟೇಪ್ಲರ್ ಪಿನ್ನು, ಬೂದುಬಣ್ಣದ ಸಣ್ಣ ಮರಳು ಎಲ್ಲವೂ ಅದರಲ್ಲಿ ಕೂಡಿರುತ್ತವೆ. ಒದ್ದೆಯಾದರೆ ಕೆಸರಾಗಿ ಎಳೆಗೆ ಅಂಟುವ ಕಸವೇ ಇದು. ಒಣಗಿರುವಾಗಲೇ ಅದು ಹೊರಬಂದರೆ ಮುಂದಿನ ಕೆಲಸದ ಭಾರ ಬಹಳಷ್ಟು ತಗ್ಗುತ್ತದೆ.

ಒಂದೇ ದುಂಡು ಬ್ರಷ್ ನೆಲದ ಮೇಲೆ ಚಪ್ಪಟೆಯಾಗಿ ತಿರುಗುವ ರೋಟರಿ ಯಂತ್ರದ ಪರವಾಗಿಯೂ ಹೇಳಬೇಕಾದದ್ದಿದೆ. ಅದು ಗಟ್ಟಿಮುಟ್ಟು, ಎಲ್ಲೆಡೆ ಸಿಗುತ್ತದೆ, ಬ್ರಷ್ ಬದಲಿಸಿದರೆ ಗಟ್ಟಿ ನೆಲವನ್ನೂ ತೊಳೆಯುತ್ತದೆ. ನಿಮಿಷಕ್ಕೆ ಸುಮಾರು 175 ಸುತ್ತು ತಿರುಗುವ ನಿಧಾನಗತಿಯ ಯಂತ್ರ ಮಾತ್ರ ಕಾರ್ಪೆಟ್ಟಿಗೆ ಸಲ್ಲುತ್ತದೆ. ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವ, ನೆಲಕ್ಕೆ ಹೊಳಪು ಕೊಡುವ ಯಂತ್ರವನ್ನು ಕಾರ್ಪೆಟ್ಟಿನ ಮೇಲೆ ಎಂದೂ ಇಡಬಾರದು. ರೋಟರಿಯ ಹಿಡಿಯನ್ನು ತುಸು ಎತ್ತಿದರೆ ಯಂತ್ರ ಒಂದು ಪಕ್ಕಕ್ಕೆ, ಇಳಿಸಿದರೆ ಮತ್ತೊಂದು ಪಕ್ಕಕ್ಕೆ ಸರಿಯುತ್ತದೆ. ಈ ಹದ ಕೈಗೆ ಕೂರುವವರೆಗೆ ಅದು ಬಳಸುವವರನ್ನೇ ಎಳೆದಾಡುತ್ತದೆ. ಕತ್ತರಿಸಿದ ತುದಿಗಳಿರುವ ಕಟ್ ಪೈಲ್ ಕಾರ್ಪೆಟ್ಟಿನಲ್ಲಿ ಅದು ಸುರುಳಿ ಗುರುತುಗಳನ್ನು ಬಿಡಬಹುದು, ಎಳೆಯ ತುದಿಗಳ ಹುರಿ ಬಿಚ್ಚಿಹೋಗಬಹುದು. ಎಳೆಗಳು ಕತ್ತರಿಸದೆ ಕುಣಿಕೆಯಾಗಿಯೇ ಉಳಿದಿರುವ, ಒಂದೇ ಬಗೆಯ ಗಿಡ್ಡ ಲೂಪ್ ಕಾರ್ಪೆಟ್ ಹಾಸಿದ ಕಚೇರಿಗಳ ಕೆಲಸವನ್ನಷ್ಟೇ ಮಾಡುವವರಿಗೆ ಹಾಗೂ ನುರಿತ ಕೈ ಇರುವವರಿಗೆ ಇದು ಸಾಕು. ಮನೆಗಳಿಗೂ ಹೋಗುವ ನಿಮಗೆ ಮೊದಲ ಯಂತ್ರವಾಗಿ ಇದು ಬೇಡ.

ಆರ್ಬಿಟಲ್ ಯಂತ್ರದ ಪ್ಯಾಡ್ ಪೂರ್ತಿ ಸುತ್ತು ತಿರುಗುವ ಬದಲು ಬಹಳ ವೇಗವಾಗಿ ಸಣ್ಣ ಸಣ್ಣ ವೃತ್ತಗಳಲ್ಲಿ ಅಲುಗುತ್ತದೆ. ಅನೇಕ ಮಾದರಿಗಳಲ್ಲಿ ಈ ಚಲನೆ ನಿಮಿಷಕ್ಕೆ 1,700ರ ಆಸುಪಾಸಿನಲ್ಲಿರುತ್ತದೆ. ಎಳೆಗೆ ಇದು ಸೌಮ್ಯ, ನಡೆಸುವುದೂ ಸುಲಭ, ಕೊಳೆಯ ಒಂದಂಶವನ್ನು ಪ್ಯಾಡೇ ಹೀರಿಕೊಳ್ಳುತ್ತದೆ. ಆದರೆ ಪ್ಯಾಡ್ ತುಂಬಿದ ಮೇಲೂ ಅದನ್ನೇ ಮುಂದುವರಿಸಿದರೆ ಒಂದು ಕೋಣೆಯ ಕೊಳೆಯನ್ನು ಇನ್ನೊಂದಕ್ಕೆ ಬಳಿದಂತಾಗುತ್ತದೆ. ಸಾಕಷ್ಟು ಪ್ಯಾಡುಗಳನ್ನು ಇಟ್ಟುಕೊಳ್ಳಬೇಕು, ತಿರುವಿ ಹಾಕಬೇಕು, ದಿನವೂ ತೊಳೆಯಬೇಕು. ಚಪ್ಪಟೆಯಾದ ಎಳೆಗಳನ್ನು ಎಬ್ಬಿಸುವ ಶಕ್ತಿ ಇದಕ್ಕೆ ಕಡಿಮೆ. ಎಕ್ಸ್‌ಟ್ರಾಕ್ಷನ್ ಇಲ್ಲದೆ, ಕಡಿಮೆ ನೀರಿನಲ್ಲಿ ನಿಯಮಿತವಾಗಿ ಕಚೇರಿಗಳನ್ನು ಶುಚಿ ಮಾಡುವ ಗುತ್ತಿಗೆ ನಿಮಗೆ ಮುಂದೆ ಸಿಕ್ಕಿದರೆ, ಆಗ ಎರಡನೆಯ ಯಂತ್ರವಾಗಿ ಇದನ್ನು ಕೊಳ್ಳುವುದು ಸರಿ.

ಯಂತ್ರದ ಅಗಲವನ್ನು ನಿರ್ಧರಿಸುವಾಗ ದೊಡ್ಡ ಸಭಾಂಗಣವನ್ನಲ್ಲ, ಮೇಜು ಕುರ್ಚಿಗಳ ನಡುವಿನ ಸಂದಿಯನ್ನು ನೆನೆಯಿರಿ. ಯಂತ್ರವನ್ನು ಮೆಟ್ಟಿಲು ಹತ್ತಿಸಬೇಕಾದವರು ಯಾರು ಎಂಬುದನ್ನೂ ಕೊಳ್ಳುವ ಮೊದಲೇ ಯೋಚಿಸಿ, ಅಂಗಡಿಯಲ್ಲಿಯೇ ಅದನ್ನು ಒಮ್ಮೆ ಎತ್ತಿ ನೋಡಿರಿ. ಗೋಡೆಯಂಚಿಗೆ ಯಾವ ಯಂತ್ರವೂ ಪೂರ್ತಿ ತಲುಪುವುದಿಲ್ಲವಾದ್ದರಿಂದ ನಿಮ್ಮ ಕೈಬ್ರಷ್ಷನ್ನು ಬಿಸಾಡಬೇಡಿ.

ಪ್ರಶ್ನೆ: ಗಿರಾಕಿಗಳ ಮನೆಗಳಲ್ಲಿ ಉಣ್ಣೆಯ ಕಾರ್ಪೆಟ್ಟುಗಳು ಹೆಚ್ಚಾಗಿ ಇರುತ್ತವೆ. ಯಂತ್ರದ ಬ್ರಷ್ ಬಳಸಿದರೆ ಹಾಳಾಗುತ್ತವೆ ಎಂದು ಕೆಲವರು ಹೆದರಿಸುತ್ತಾರೆ. ಇದು ನಿಜವೇ?

ಉತ್ತರ: ಆ ಹೆದರಿಕೆಗೆ ಆಧಾರವಿದೆ. ಉಣ್ಣೆಯ ಎಳೆಯ ಮೇಲ್ಮೈಯಲ್ಲಿ ಒಂದರ ಮೇಲೊಂದು ಸೇರಿದ ಹೆಂಚುಗಳಂತೆ ಸೂಕ್ಷ್ಮ ಪೊರೆಗಳಿರುತ್ತವೆ. ತೇವ, ಬಿಸಿ ಮತ್ತು ತಿಕ್ಕಾಟ ಒಟ್ಟುಗೂಡಿದಾಗ ಈ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಎಳೆಗಳು ಗಂಟುಗಟ್ಟುತ್ತವೆ. ಹಾಗೆ ಗಂಟಾದದ್ದನ್ನು ಮತ್ತೆ ಬಿಡಿಸಲು ಬರುವುದಿಲ್ಲ. ಆದ್ದರಿಂದ ಉಣ್ಣೆಯ ಮೇಲೆ ಮೃದು ಕೂದಲಿನ ಬ್ರಷ್ ಹಾಕಿ, ಯಂತ್ರವನ್ನು ಒಂದೇ ಜಾಗದಲ್ಲಿ ನಿಲ್ಲಿಸದೆ ಒಮ್ಮೆ ಮಾತ್ರ ಹೋಗಿ ಬರುವಂತೆ ನಡೆಸಬೇಕು. ನೀರು ಉಗುರುಬೆಚ್ಚಗಿದ್ದರೆ ಸಾಕು. ಬಲವಾದ ಕ್ಷಾರವು ಉಣ್ಣೆಯ ಪ್ರೋಟೀನನ್ನೇ ಕೆಡಿಸುವುದರಿಂದ, ದ್ರಾವಣದ ಪಿಎಚ್ 5ರಿಂದ 8.5ರ ಒಳಗಿರುವಂತೆ ನೋಡಿಕೊಳ್ಳಿ.

ಉಣ್ಣೆಗಿಂತ ನಾನು ಹೆಚ್ಚು ಹೆದರುವುದು ವಿಸ್ಕೋಸ್ ಎಳೆಗೆ. ನೋಡಲು ರೇಷ್ಮೆಯಂತೆ ಹೊಳೆಯುವ ಇದು ಒದ್ದೆಯಾದಾಗ ತನ್ನ ಬಲವನ್ನು ಬಹಳಷ್ಟು ಕಳೆದುಕೊಳ್ಳುತ್ತದೆ. ಆ ಸ್ಥಿತಿಯಲ್ಲಿ ಯಾವ ಯಂತ್ರದ ಬ್ರಷ್ಷೂ ಅದನ್ನು ಮುಟ್ಟಬಾರದು. ಎಳೆ ಯಾವುದೆಂದು ಗುರುತಾಗದಿದ್ದರೆ, ಗಿರಾಕಿಯ ಒಪ್ಪಿಗೆ ಪಡೆದು ಮರೆಯಲ್ಲಿರುವ ಮೂಲೆಯಿಂದ ಒಂದು ಎಳೆಯನ್ನು ಕತ್ತರಿಸಿ, ಹೊರಗೆ ಒಯ್ದು ಸುಟ್ಟು ನೋಡಬಹುದು. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ; ಕಾಗದ ಸುಟ್ಟ ವಾಸನೆ ಬಂದರೆ ವಿಸ್ಕೋಸ್ ಅಥವಾ ಹತ್ತಿ; ಕರಗಿ ಗಟ್ಟಿ ಮಣಿಯಂತಾದರೆ ನೈಲಾನ್, ಪಾಲಿಯೆಸ್ಟರ್‌ನಂಥ ಕೃತಕ ನೂಲು. ಬೆರಕೆ ನೂಲಿನಲ್ಲಿ ಈ ಗುರುತುಗಳೂ ಬೆರೆತಿರುತ್ತವೆ ಎಂಬುದು ನೆನಪಿರಲಿ.

ಪ್ರಶ್ನೆ: ಬ್ರಷ್ ಯಂತ್ರದಿಂದ ಚೆನ್ನಾಗಿ ಉಜ್ಜಿದಷ್ಟೂ ನೊರೆ ಹೆಚ್ಚಾಗಿ, ಎಕ್ಸ್‌ಟ್ರಾಕ್ಷನ್ ಯಂತ್ರದ ಕೊಳಕು ನೀರಿನ ಟ್ಯಾಂಕು ನೊರೆಯಿಂದಲೇ ತುಂಬುತ್ತದೆ. ಉಜ್ಜುವುದನ್ನು ಕಡಿಮೆ ಮಾಡಬೇಕೇ?

ಉತ್ತರ: ಮೊದಲು ದ್ರಾವಣದ ಅಳತೆಯನ್ನು ಪರೀಕ್ಷಿಸಿ, ತಯಾರಕರು ಸೂಚಿಸಿದ್ದಕ್ಕಿಂತ ಗಟ್ಟಿಯಾಗಿ ಬೆರೆಸುವುದೇ ಸಾಮಾನ್ಯ ಕಾರಣ. ಹಿಂದಿನ ಶುಚಿಗೊಳಿಸುವಿಕೆಯಲ್ಲಿ ಉಳಿದ ಶಾಂಪೂ ಕೂಡ ಹೀಗೆ ನೊರೆಯಾಗಿ ಎದ್ದು ಬರುತ್ತದೆ. ಅಂಥಲ್ಲಿ ಪ್ರಿ-ಸ್ಪ್ರೇಯನ್ನು ತೆಳುಮಾಡಿ, ಶುದ್ಧ ನೀರಿನಿಂದ ಒಮ್ಮೆ ಹೆಚ್ಚಿಗೆ ತೊಳೆಯಿರಿ. ನೊರೆ ತಗ್ಗಿಸುವ ಡಿಫೋಮರನ್ನು ಕೊಳಕು ನೀರಿನ ಟ್ಯಾಂಕಿಗೆ ಹಾಕಬೇಕೇ ಹೊರತು ಕಾರ್ಪೆಟ್ಟಿಗಲ್ಲ. ಉಜ್ಜುವಿಕೆಯ ವಿಷಯದಲ್ಲಿ, ಸಿಂಪಡಿಸಿದ ಕೂಡಲೇ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ನಿಧಾನವಾಗಿ ಯಂತ್ರ ನಡೆಸಿ, ಆಮೇಲೆ 10ರಿಂದ 15 ನಿಮಿಷ, ದ್ರಾವಣ ಒಣಗಲು ಬಿಡದೆ, ಕಾಯುವುದು ಸಿಂಥೆಟಿಕ್ ಕಾರ್ಪೆಟ್ಟುಗಳಿಗೆ ಸಾಕಾಗುತ್ತದೆ. ನೊರೆ ಹೆಚ್ಚಾದರೆ ಕೊಳೆ ಹೆಚ್ಚು ಬಿಟ್ಟಿತು ಎಂದು ಅರ್ಥವಲ್ಲ.

ಪ್ರಶ್ನೆ: ಬಳಸಿದ ಸಿಲಿಂಡರ್ ಬ್ರಷ್ ಯಂತ್ರವೊಂದು ಕಡಿಮೆ ಬೆಲೆಗೆ ಸಿಗುತ್ತಿದೆ. ಕೊಳ್ಳುವ ಮುನ್ನ ಏನನ್ನು ನೋಡಬೇಕು?

ಉತ್ತರ: ಹೊರಗಿನ ಗೀರು, ಮಾಸಿದ ಬಣ್ಣ ಇವು ಮುಖ್ಯವಲ್ಲ. ಬ್ರಷ್‌ಗಳನ್ನು ಹೊರತೆಗೆಸಿ ಅವುಗಳ ಎರಡೂ ತುದಿಗಳನ್ನು ನೋಡಿರಿ. ಅಲ್ಲಿ ಕೂದಲು, ನೂಲು ಸುತ್ತಿಕೊಂಡು ಗಟ್ಟಿಯಾಗಿದ್ದರೆ ಯಂತ್ರವನ್ನು ಯಾರೂ ಬಿಡಿಸಿ ಶುಚಿ ಮಾಡಿಲ್ಲವೆಂದೇ ಅರ್ಥ, ಬೇರಿಂಗ್‌ಗಳೂ ಸವೆದಿರುವ ಸಂಭವ ಹೆಚ್ಚು. ಬ್ರಷ್ ಇಲ್ಲದೆ ಯಂತ್ರವನ್ನು ಓಡಿಸಿ ಕಿವಿಗೊಟ್ಟು ಕೇಳಿರಿ: ಕರಕರ ಸದ್ದು ಬೇರಿಂಗಿನದು, ಕಿರುಚುವ ಸದ್ದು ಸಾಮಾನ್ಯವಾಗಿ ಜಾರುವ ಬೆಲ್ಟಿನದು. ಬೆಲ್ಟ್ ಬದಲಿಸುವುದು ಸುಲಭ. ಮೋಟರಿನಿಂದ ಸುಟ್ಟ ವಾಸನೆ ಬಂದರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಿರಿ. ಬ್ರಷ್ಷಿನ ಕೂದಲು ಒಂದೇ ಪಕ್ಕಕ್ಕೆ ಬಾಗಿದ್ದರೆ, ಯಂತ್ರವನ್ನು ಅದರ ಬ್ರಷ್‌ಗಳ ಮೇಲೆಯೇ ನಿಲ್ಲಿಸಿ ಇಟ್ಟಿದ್ದಾರೆ. ಅಂಥ ಬ್ರಷ್ ಸಮನಾಗಿ ಉಜ್ಜುವುದಿಲ್ಲ, ಹೊಸ ಬ್ರಷ್‌ಗಳ ಖರ್ಚನ್ನೂ ಬೆಲೆಗೆ ಸೇರಿಸಿಕೊಂಡು ಲೆಕ್ಕ ಹಾಕಿ.

ವಿದ್ಯುತ್ ತಂತಿಯನ್ನು ಮೊದಲಿನಿಂದ ಕೊನೆಯವರೆಗೆ ಬೆರಳಾಡಿಸಿ ಪರೀಕ್ಷಿಸಿ. ಒದ್ದೆ ಕಾರ್ಪೆಟ್ಟಿನ ಮೇಲೆ ನಿಂತು ಬಳಸುವ ಯಂತ್ರದಲ್ಲಿ ಟೇಪು ಸುತ್ತಿದ ತಂತಿಯನ್ನು ಯಾವ ಬೆಲೆಗೂ ಒಪ್ಪಿಕೊಳ್ಳಬಾರದು. ಹೊಸ ಯಂತ್ರವೇ ಆಗಿರಲಿ, 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ ಕಡಿತಗೊಳಿಸುವ ರಕ್ಷಕ ಸಾಧನವನ್ನು ಸಾಕೆಟ್ಟಿಗೂ ಯಂತ್ರಕ್ಕೂ ನಡುವೆ ಬಳಸಿರಿ. ಕೊನೆಗೆ, ಆ ಮಾದರಿಗೆ ಮೃದು ಮತ್ತು ಗಡಸು ಎರಡೂ ಬಗೆಯ ಬ್ರಷ್‌ಗಳು ಈಗಲೂ ತಯಾರಾಗುತ್ತಿವೆಯೇ ಎಂದು ಕೇಳಿ ತಿಳಿದುಕೊಳ್ಳಿ. ಬ್ರಷ್ ಸಿಗದ ಮಾದರಿಯಾದರೆ, ಉಳಿದೆಲ್ಲ ಸರಿಯಿದ್ದರೂ ಕೊಳ್ಳಬೇಡಿ.